ಕನಸಿನ ಮನೆಗೆ ಬಂದವರು

ಕನಸಿನಲ್ಲಿ ನಾನು ಮೊದಲು ಮುಟ್ಟುವುದು ದಣಪೆಯನ್ನು. ಮೂರು ಗಳುಗಳಲ್ಲಿ ನಡುವಿನದು ಸ್ವಲ್ಪ ಸೊಟ್ಟ. ಅದನ್ನು ಸರಿಸುವಾಗ ಕಂಬದ ತೂತಿಗೆ ಉಜ್ಜಿ ಕಿರ್ರೆನ್ನುತ್ತದೆ. ಅಂಗಳ ದಾಟಿದರೆ ಜಗುಲಿ, ಜಗುಲಿಯ ಮೂಲೆಯಲ್ಲಿ ಅಜ್ಜನ ಕವಳದ ತಟ್ಟೆ, ಅಲ್ಲಿಂದ ಮುಂದೆ ನಡುಮನೆ. ನಡುಮನೆಯ ಹೊಸಿಲು ಎತ್ತರ, ದಾರಂದ ತಗ್ಗು. ದೊಡ್ಡವರು ಕಾಲೆತ್ತಿ, ತಲೆ ಬಗ್ಗಿಸಿ ಒಳಗೆ ಹೋಗಬೇಕು. ನಾನು ಅಲ್ಲಿ ಓಡಾಡಿಕೊಂಡಿದ್ದಾಗ ಬಗ್ಗುವಷ್ಟು ಉದ್ದವಿರಲಿಲ್ಲ. ಕನಸಿನಲ್ಲಿ ಈಗಿನ ಎತ್ತರದಲ್ಲೇ ಇರುತ್ತೇನೆ, ಬಗ್ಗಿಯೇ ಹೋಗುತ್ತೇನೆ. ಹಿಂದಿನ ಬಚ್ಚಲಿನಲ್ಲಿ ಹಂಡೆಯ ಕೆಳಗೆ ದರಗು, ಅಡಿಕೆ ಸಿಪ್ಪೆ ಉರಿಯುತ್ತಿರುತ್ತದೆ. ಕನಸಿನಲ್ಲಿ ವಾಸನೆ ಬರುವುದು ಅಪರೂಪವೆಂದು ಈ ವಿಷಯ ಓದಿಕೊಂಡವರು ಹೇಳುತ್ತಾರೆ. ನನಗೆ ಆ ಹೊಗೆಯ ವಾಸನೆ ಬರುತ್ತದೆ. ಎದ್ದ ಮೇಲೂ ಕೊಂಚ ಹೊತ್ತು ಮೂಗಿನಲ್ಲೇ ಇರುತ್ತದೆ.

ಸಾಗರ ಸೀಮೆಯ ಆ ಹಂಚಿನ ಮನೆಯಲ್ಲಿ ನಾನು ಹೈಸ್ಕೂಲು ಮುಗಿಯುವವರೆಗೆ ಇದ್ದೆ. ಆಮೇಲೆ ಹಾಸ್ಟೆಲು, ಬಾಡಿಗೆ ಮನೆಗಳು, ಕೆಲಸದ ಊರುಗಳು, ಕೊನೆಗೆ ಬೆಂಗಳೂರು. ಇಷ್ಟೆಲ್ಲ ಕಡೆ ಬದುಕಿದರೂ ಕನಸು ಬಿತ್ತೆಂದರೆ ಹೆಚ್ಚಿನ ಸಲ ಅದು ಅಲ್ಲೇ ನಡೆಯುತ್ತದೆ. ಗೆಳೆಯರನ್ನು ಕೇಳಿ ನೋಡಿದ್ದೇನೆ. ವಿಜಯಪುರದ ಕಡೆಯ ಒಬ್ಬರಿಗೆ ಮಣ್ಣಿನ ಮಾಳಿಗೆ ಬರುತ್ತದೆ, ಬೇಸಿಗೆಯಲ್ಲಿ ಅಲ್ಲಿ ಸಾಲಾಗಿ ಹಾಸಿದ ಕೌದಿಗಳು ಬರುತ್ತವೆ. ಮೈಸೂರಿನ ವಠಾರದಲ್ಲಿ ಬೆಳೆದ ಗೆಳತಿಗೆ ನಲ್ಲಿಯ ಮುಂದಿನ ಬಿಂದಿಗೆ ಸಾಲು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರೊಬ್ಬರಿಗೆ ಪಾಳಿ ಬದಲಾಗುವ ಸೈರನ್ನು. ಯಾರೂ ಈಗ ಆ ಜಾಗದಲ್ಲಿಲ್ಲ. ಕೆಲವು ಜಾಗಗಳೇ ಈಗ ಇಲ್ಲ.

ಇದಕ್ಕೆ ಏನರ್ಥ ಎಂದು ಕೇಳಿದರೆ ಬಹಳ ಜನ ಹೇಳುವುದು ಒಂದೇ ಮಾತು: ಊರಿನ ಸೆಳೆತ, ಮನಸ್ಸು ಹಿಂದಕ್ಕೆ ಹೋಗಲು ಹಂಬಲಿಸುತ್ತಿದೆ. ನನಗೆ ಈ ಉತ್ತರ ಒಪ್ಪಿಗೆಯಾಗದೆ ಬಹಳ ಕಾಲವಾಯಿತು. ಕಾರಣ, ಕನಸಿನ ಮನೆ ಹಳೆಯದಾದರೂ ಅಲ್ಲಿಗೆ ಬರುವವರು ಹಳಬರಲ್ಲ. ಆಫೀಸಿನ ಮೇಲಧಿಕಾರಿ ಅಡಿಕೆ ಸುಲಿಯುವವರ ಸಾಲಿನಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂತಿರುತ್ತಾರೆ. ಪಕ್ಕದ ಫ್ಲಾಟಿನವರು ಕೊಟ್ಟಿಗೆಯ ಬಳಿ ನಿಂತು ಮೇಂಟೆನೆನ್ಸ್ ದುಡ್ಡಿನ ವಿಚಾರ ಎತ್ತುತ್ತಾರೆ. ಊರಿನ ಹಂಬಲ ಮಾತ್ರವಾಗಿದ್ದರೆ ಇವರಿಗೆಲ್ಲ ಅಲ್ಲೇನು ಕೆಲಸ?

ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳ ಕನಸೊಂದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪನನ್ನು ನೋಡುತ್ತಿದ್ದ ಡಾಕ್ಟರು ನಮ್ಮ ಅಂಗಳಕ್ಕೆ ಬಂದಿದ್ದಾರೆ. ಬಿಳಿ ಕೋಟು ಹಾಕಿದ್ದಾರೆ, ಕೈಯಲ್ಲಿ ಫೈಲಿದೆ. ಜಗುಲಿ ಹತ್ತುವುದಿಲ್ಲ, ಅಂಗಳದಲ್ಲೇ ನಿಂತಿದ್ದಾರೆ. ಅಮ್ಮ ಒಳಗಿನಿಂದ 'ಕಾಲಿಗೆ ನೀರು ಕೊಡು' ಅನ್ನುತ್ತಾಳೆ. ನಾನು ತಂಬಿಗೆ ಹಿಡಿದು ಬಚ್ಚಲಿಗೆ ಓಡುತ್ತೇನೆ. ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿದೆ, ಹಂಡೆಯಲ್ಲಿ ನೀರಿಲ್ಲ. ಬಾವಿಗೆ ಓಡಿದರೆ ಹಗ್ಗವಿಲ್ಲ. ಅಷ್ಟು ಹೊತ್ತೂ ಅವರು ಅಂಗಳದಲ್ಲೇ ನಿಂತಿರುತ್ತಾರೆ. ಬಿಸಿಲು ಹೆಗಲ ಮೇಲೆ ಬಿದ್ದಿದೆ.

ನಮ್ಮ ಕಡೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು, ಬೆಲ್ಲ. ಕಾಲು ತೊಳೆದು ಜಗುಲಿ ಹತ್ತಿ ಕೂತ ಮೇಲೆಯೇ ಬಂದ ವಿಷಯ. ನಾನು ನೀರು ಕೊಡುವವರೆಗೆ ಆ ಡಾಕ್ಟರು ವಿಷಯ ಹೇಳುವಂತಿಲ್ಲ. ಎಚ್ಚರದಲ್ಲಿ ನಾನು ಧೈರ್ಯವಾಗಿಯೇ ಇದ್ದೆ, ಸ್ಕ್ಯಾನಿಂಗು, ರಿಪೋರ್ಟು, ಇನ್ಶೂರೆನ್ಸು ಎಂದು ಓಡಾಡುತ್ತಿದ್ದೆ. ಅವರು ಹೇಳಬೇಕಾದದ್ದನ್ನು ಕೇಳಿಸಿಕೊಳ್ಳಲು ನನಗೆ ಮನಸ್ಸಿಲ್ಲ ಎಂಬುದು ಗೊತ್ತಾದದ್ದು ಆ ಕನಸಿನಿಂದ. ಮರುದಿನ ಅವರ ಮುಂದೆ ಕೂತು ನೇರವಾಗಿ ಕೇಳಿದೆ. ಅಪ್ಪ ಆಮೇಲೆ ಹೆಚ್ಚು ದಿನ ಇರಲಿಲ್ಲ. ಇದ್ದಷ್ಟು ದಿನ ಮನೆಯಲ್ಲಿದ್ದರು.

ಅಂದಿನಿಂದ ನನ್ನ ಕನಸುಗಳನ್ನು ನಾನು ಬೇರೆ ಬಗೆಯಲ್ಲಿ ಕೇಳಿಕೊಳ್ಳಲು ಶುರುಮಾಡಿದೆ. ಮನೆ ಏನು ಹೇಳುತ್ತಿದೆ ಎಂದು ಕೇಳುವುದಿಲ್ಲ. ಮನೆಗೆ ಯಾರು ಬಂದಿದ್ದರು, ಎಲ್ಲಿಯವರೆಗೆ ಬಂದರು, ಎಲ್ಲಿ ಕೂತರು ಎಂದು ಕೇಳುತ್ತೇನೆ. ಅಂಗಳ, ಜಗುಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ: ಯಾರು ಎಲ್ಲಿಯವರೆಗೆ ಬರಬಹುದು ಎಂಬುದು ಆ ಮನೆಯಲ್ಲಿ ಬೆಳೆದ ಮಗುವಿಗೆ ಅಕ್ಷರಕ್ಕಿಂತ ಮೊದಲೇ ಬರುತ್ತಿತ್ತು. ಆ ಕಟ್ಟಳೆಗಳಲ್ಲಿ ಜಾತಿಯ ಕ್ರೌರ್ಯವೂ ಇತ್ತು. ನಮ್ಮ ತೋಟದಲ್ಲಿ ದುಡಿಯುವವರು ಜಗುಲಿಯ ಕೆಳಗೆ ನಿಂತು ಬೊಗಸೆಯಲ್ಲಿ ನೀರು ಕುಡಿದದ್ದನ್ನು ನಾನು ಕಂಡಿದ್ದೇನೆ. ಈಗಲೂ ಅಪರೂಪಕ್ಕೆ ಅವರಲ್ಲಿ ಒಬ್ಬರು ಕನಸಿನಲ್ಲಿ ಬಂದು ಅಲ್ಲೇ ನಿಲ್ಲುತ್ತಾರೆ, ನಾನು 'ಮೇಲೆ ಬನ್ನಿ' ಎನ್ನಲು ಬಾಯಿ ತೆರೆದರೆ ದನಿ ಹೊರಡುವುದಿಲ್ಲ. ಇಂಥ ಕನಸನ್ನು ಊರಿನ ಹಂಬಲ ಎಂದು ಕರೆಯಲಾದೀತೆ?

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಹಲ್ಲು ಬಿದ್ದ ಹಾಗೆ ಕಂಡರೆ ಸಾವಿನ ಸುದ್ದಿ, ಹಾವು ಕಂಡರೆ ನಾಗನ ಹರಕೆ ಬಾಕಿ. ಹಳೆಯ ಮನೆ, ತೀರಿಕೊಂಡ ಹಿರಿಯರು ಮೇಲಿಂದ ಮೇಲೆ ಕಂಡರೆ ಎಡೆ ಇಡುವುದು ತಪ್ಪಿಹೋಗಿದೆ ಎಂದರ್ಥ. ಪಂಚಾಂಗದ ಸ್ವಪ್ನಫಲದ ಪುಟವನ್ನು ಅವಳು ಕನ್ನಡಕ ಏರಿಸಿಕೊಂಡು ಓದಿಸುತ್ತಿದ್ದಳು. ಬೆಳಗಿನ ಜಾವಕ್ಕೆ ಆ ಮಹತ್ವ ಏಕೆ ಬಂತೆಂಬುದಕ್ಕೆ ಮಾತ್ರ ಈಗ ಒಂದು ಸರಳ ಕಾರಣ ಕಾಣುತ್ತದೆ. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜಿನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ಮಲಗಿದವರ ಕಣ್ಣುಗುಡ್ಡೆಗಳು ರೆಪ್ಪೆಯ ಹಿಂದೆ ಸರಸರನೆ ಓಡಾಡುವ ಹೊತ್ತೊಂದು ಇದೆ ಎಂದೂ ಆಗ ಎಬ್ಬಿಸಿದರೆ ಹೆಚ್ಚಿನವರು ಕನಸನ್ನು ಹೇಳುತ್ತಾರೆ ಎಂದೂ ಪ್ರಕಟಿಸಿದರು. ರೆಮ್ ನಿದ್ದೆ ಎಂದು ಈಗ ಎಲ್ಲರೂ ಕರೆಯುವುದು ಇದನ್ನೇ. ಸುಮಾರು ಒಂದೂವರೆ ಗಂಟೆಗೊಮ್ಮೆ ಅದು ಬರುತ್ತದೆ, ರಾತ್ರಿ ಕಳೆದ ಹಾಗೆ ಅದರ ಅವಧಿ ಉದ್ದವಾಗುತ್ತದೆ. ಕೋಳಿ ಕೂಗುವ ಹೊತ್ತಿಗೆ ಬೀಳುವ ಕನಸು ಉದ್ದವೂ ಹೌದು, ಎದ್ದಾಗ ನೆನಪಿನಲ್ಲಿ ಉಳಿಯುವುದೂ ಅದೇ. ರೆಮ್ ನಿದ್ದೆಯ ಹೊತ್ತಿನಲ್ಲಿ ಮೆದುಳಿನ ಮುಂಭಾಗದಲ್ಲಿ ತರ್ಕಕ್ಕೆ ಸಂಬಂಧಿಸಿದ ಕೆಲವು ಭಾಗಗಳ ಚಟುವಟಿಕೆ ತಗ್ಗಿರುತ್ತದೆ. ಮೇಲಧಿಕಾರಿ ಮೆಟ್ಟುಗತ್ತಿ ಹಿಡಿದದ್ದು ನಮಗೆ ವಿಚಿತ್ರ ಅನ್ನಿಸದಿರುವುದು ಅದಕ್ಕೇ.

ಕನಸೆಲ್ಲ ಭವಿಷ್ಯ ಹೇಳುತ್ತದೆ ಎಂದು ನಮ್ಮ ಹಳಬರೆಲ್ಲ ನಂಬಿದ್ದರು ಎಂದುಕೊಳ್ಳುವುದೂ ಸರಿಯಲ್ಲ. ಚರಕ ಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿದ್ದಾರೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ತೋರುವುದು, ದೇಹದ ದೋಷದಿಂದ ಹುಟ್ಟಿದ್ದು. ಮೊದಲಿನ ಐದಕ್ಕೂ ಫಲವಿಲ್ಲ ಎಂದು ವೈದ್ಯನಿಗೆ ಸ್ಪಷ್ಟವಾಗಿ ಹೇಳಿದ್ದಾರೆ. ಬಾಲ್ಯದ ಮನೆಯ ಕನಸು ಆ ಐದರಲ್ಲೇ ಸೇರುತ್ತದೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಜನಕನಿಗೆ ಕನಸಿನ ಬಗ್ಗೆ ಹೇಳುವ ಭಾಗವಂತೂ ನನಗೆ ಬಲು ಇಷ್ಟ. ಅಲ್ಲಿ ರಥಗಳಿಲ್ಲ, ಕುದುರೆಗಳಿಲ್ಲ, ದಾರಿಗಳಿಲ್ಲ. ರಥ, ಕುದುರೆ, ದಾರಿ ಎಲ್ಲವನ್ನೂ ಕನಸು ಕಾಣುವವನೇ ಸೃಷ್ಟಿಸಿಕೊಳ್ಳುತ್ತಾನೆ. ಎಚ್ಚರದ ಲೋಕದಿಂದ ಒಂದಿಷ್ಟು ಸಾಮಗ್ರಿ ಎತ್ತಿಕೊಂಡು ಹೋಗಿ, ತಾನೇ ಕೆಡವಿ, ತಾನೇ ಕಟ್ಟುತ್ತಾನೆ ಎಂಬ ವಿವರಣೆ ಅಲ್ಲಿದೆ. ಅಷ್ಟು ಹಿಂದೆ ಯಾರೋ ತಮ್ಮ ನಿದ್ದೆಯನ್ನು ಇಷ್ಟು ಹತ್ತಿರದಿಂದ ಗಮನಿಸಿದ್ದರಲ್ಲ ಎಂದು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ನನ್ನ ಪ್ರಶ್ನೆ ಅದರ ಮುಂದಿನದು. ಕಟ್ಟುವವನಿಗೆ ಇಡೀ ಲೋಕದ ಸಾಮಗ್ರಿ ಸಿಗುವಾಗ ಅವನು ಪದೇ ಪದೇ ಆ ಒಂದೇ ಮನೆಯನ್ನು ಏಕೆ ಕಟ್ಟುತ್ತಾನೆ?

ಮನೋವಿಜ್ಞಾನದ ಕಡೆ ನೋಡಿದರೆ ಮೊದಲು ಸಿಗುವ ಹೆಸರು ಫ್ರಾಯ್ಡ್. 1900ರ ಇಸವಿ ಹೊತ್ತು ಬಂದ ಅವನ ಕನಸಿನ ಗ್ರಂಥದಲ್ಲಿ, ಕನಸಿನ ಹಿಂದೆ ಬಾಲ್ಯದ ಬಯಕೆಗಳಿವೆ ಎಂಬ ವಾದ ಬಲವಾಗಿದೆ. ಆಗ ಅವನ ಒಡನಾಡಿಯಾಗಿದ್ದ ಯೂಂಗ್‌ಗೆ 1909ರಲ್ಲಿ ಬಿದ್ದ ಮನೆಯ ಕನಸು ಪ್ರಸಿದ್ಧ. ಮೇಲಿನ ಮಹಡಿಯಲ್ಲಿ ಚೆಂದದ ಪೀಠೋಪಕರಣ, ಕೆಳಗಿಳಿದ ಹಾಗೆ ಹಳತು, ನೆಲಮಾಳಿಗೆಯಲ್ಲಿ ರೋಮನ್ ಕಾಲದ ಗೋಡೆ, ಅದರ ಕೆಳಗಿನ ಗುಹೆಯಲ್ಲಿ ಎರಡು ತಲೆಬುರುಡೆ. ಫ್ರಾಯ್ಡ್ ಆ ಬುರುಡೆಗಳು ಯಾರವು ಎಂದು ಕೆದಕಿದ; ಯೂಂಗ್ ಅದನ್ನು ಮನುಷ್ಯನ ಮನಸ್ಸಿನ ಪದರಗಳೆಂದು ಓದಿದ. ದೊಡ್ಡ ಓದು, ನಿಜ. ಆದರೆ ಯೂಂಗ್ ಕಂಡದ್ದು ಅವನು ಯಾವತ್ತೂ ವಾಸಿಸದ ಮನೆ. ನಮ್ಮ ನಿಮ್ಮ ಕನಸಿನಲ್ಲಿ ಬರುವುದು ಸೊಟ್ಟ ಗಳುವಿನ, ಕಿರ್ರೆನ್ನುವ, ಇಂಥದೇ ಎಂದು ಬೆರಳಿಟ್ಟು ತೋರಿಸಬಹುದಾದ ಮನೆ. ಅದನ್ನು 'ಮನಸ್ಸಿನ ಸಂಕೇತ' ಎಂದುಬಿಟ್ಟರೆ ಗಳುವಿನ ಸೊಟ್ಟ ಎಲ್ಲಿ ಹೋಯಿತು?

ನನಗೆ ಹೆಚ್ಚು ಬೆಳಕು ಸಿಕ್ಕಿದ್ದು ಇಲಿಗಳ ಮೇಲೆ ನಡೆದ ಕೆಲಸದಿಂದ. ಲಂಡನ್ನಿನಲ್ಲಿ ಜಾನ್ ಓ'ಕೀಫ್ 1971ರಲ್ಲಿ, ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗದಲ್ಲಿ ವಿಶೇಷ ಕೋಶಗಳನ್ನು ಗುರುತಿಸಿದರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಅಂಥ ಒಂದು ಕೋಶ ಮಿಡಿಯುತ್ತದೆ. ಮೂಲೆಗೆ ಒಂದು ಕೋಶ, ಬಾಗಿಲಿಗೆ ಇನ್ನೊಂದು ಎಂಬ ಹಾಗೆ ಇಡೀ ಜಾಗ ಮೆದುಳಿನಲ್ಲಿ ಬರೆದುಕೊಳ್ಳುತ್ತದೆ. 2014ರ ನೊಬೆಲ್ ಪ್ರಶಸ್ತಿಯನ್ನು ಅವರು ಮೋಸರ್ ದಂಪತಿಯೊಂದಿಗೆ ಹಂಚಿಕೊಂಡದ್ದು ಈ ಬಗೆಯ ಕೆಲಸಕ್ಕೇ. 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್, ಇಲಿ ಓಡಾಡಿದಾಗ ಜೊತೆಯಾಗಿ ಮಿಡಿದ ಕೋಶಗಳು ಆಮೇಲಿನ ನಿದ್ದೆಯಲ್ಲೂ ಜೊತೆಯಾಗಿ ಮಿಡಿಯುತ್ತವೆ ಎಂದು ತೋರಿಸಿದರು. ನೆನಪು ಮತ್ತು ಜಾಗ ಮೆದುಳಿನಲ್ಲಿ ಅಕ್ಕಪಕ್ಕದಲ್ಲೇ ಇವೆ, ನಿದ್ದೆಯಲ್ಲಿ ಎರಡಕ್ಕೂ ಒಟ್ಟಿಗೆ ಜೀವ ಬರುತ್ತದೆ.

ಇಲಿಯ ಮೆದುಳು ನಿದ್ದೆಯಲ್ಲಿ ಓಡಿದ್ದು ಅದೇ ದಿನದ ದಾರಿಯನ್ನು. ನಾವು ಹೋಗುವುದು ಐವತ್ತು ವರ್ಷದ ಹಿಂದಿನ ಜಗುಲಿಗೆ. ಆ ಅಂತರವನ್ನು ವಿಜ್ಞಾನದ ಹೆಸರಿನಲ್ಲಿ ತುಂಬಲು ಹೋಗದೆ ನನಗನ್ನಿಸಿದ್ದನ್ನು ಹೇಳುತ್ತೇನೆ. ಮೊದಲ ಮನೆಯನ್ನು ನಾವು ಕಣ್ಣಿನಿಂದ ಕಲಿತದ್ದಲ್ಲ, ಮೈಯಿಂದ ಕಲಿತದ್ದು. ಅಂಬೆಗಾಲಿನಲ್ಲಿ ಹೊಸಿಲು ದಾಟಿ, ಮೆತ್ತಿನ ಏಣಿಯಿಂದ ಬಿದ್ದು, ಕತ್ತಲೆಕೋಣೆಯ ಮುಂದೆ ಓಡಿ, ಬಚ್ಚಲ ಬೆಂಕಿಗೆ ಕೈ ಸುಟ್ಟುಕೊಂಡು. ದೂರ ಎಂದರೆ ಎಷ್ಟು, ಕತ್ತಲು ಎಂದರೆ ಏನು, ಬೈಸಿಕೊಂಡು ಓಡಿದರೆ ಎಲ್ಲಿ ಅಡಗಬಹುದು, ಅತ್ತರೆ ಯಾವ ಬಾಗಿಲಿನಿಂದ ಯಾರು ಬರುತ್ತಾರೆ ಎಂಬುದೆಲ್ಲ ಅಲ್ಲೇ ಗೊತ್ತಾದದ್ದು. ಆಮೇಲೆ ಕಂಡ ಮನೆಗಳನ್ನು ಅದರ ಪಕ್ಕದಲ್ಲಿಟ್ಟೇ ಅಳೆದೆವು. ಹೊಸ ಭಯ ಬಂದಾಗ, ಹೊಸ ಮನುಷ್ಯರು ಬಾಳಿನೊಳಗೆ ಬಂದಾಗ ಅವರನ್ನು ಎಲ್ಲಿಡಬೇಕು ಎಂದು ತೋಚದೆ ಮನಸ್ಸು ರಾತ್ರಿ ಅವರನ್ನು ಅಲ್ಲಿಗೆ ಕರೆದೊಯ್ಯುತ್ತದೆ. ಅಂಗಳದಲ್ಲಿ ನಿಲ್ಲಿಸಬೇಕೋ, ಜಗುಲಿಯಲ್ಲಿ ಕೂರಿಸಬೇಕೋ, ಅಡುಗೆಮನೆಗೆ ಕರೆಯಬೇಕೋ ಎಂದು ನೋಡುತ್ತದೆ. ಹೆಣ್ಣು ನೋಡಲು ಬಂದವರನ್ನು ಹಿರಿಯರಿದ್ದ ಮನೆಗೇ ಕರೆದೊಯ್ದು ಕೂರಿಸುತ್ತಿದ್ದರಲ್ಲ, ಹಾಗೆ.

ಇದನ್ನು ನನಗಿಂತ ಚೆನ್ನಾಗಿ ಬಲ್ಲವಳು ಅಮ್ಮ. ಅವಳ ತವರುಮನೆ ಶರಾವತಿಯ ನೀರಿನಡಿ ಇದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅದರ ಭರ್ತಿ ಮಟ್ಟ 1819 ಅಡಿ, ಹಿಡಿಯುವ ನೀರು 151 ಟಿಎಂಸಿ ಅಡಿಗೂ ಹೆಚ್ಚು, ಹಿನ್ನೀರಿನ ಹರವು 300 ಚದರ ಕಿಲೋಮೀಟರಿನ ಮೇಲೆ. ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು, ಗದ್ದೆ, ಅಡಿಕೆ ತೋಟ, ಕಾನು, ದೇವಸ್ಥಾನ, ಸುಡುಗಾಡು ಎಲ್ಲ ಅದರೊಳಗೆ ಹೋದವು. ಅದಕ್ಕೂ ಮೊದಲು, 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಅದು ನೀರಿನಿಂದ ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಎತ್ತಂಗಡಿಯಾದವರನ್ನು ಲಾರಿಗಳಲ್ಲಿ ತುಂಬಿ ಶಿವಮೊಗ್ಗದ ಸುತ್ತಿನ ಕಾಡುಗಳಿಗೆ ಸಾಗಿಸಿದರು. ಅಲ್ಲಿ ಉತ್ತು ಬಿತ್ತಿದ ನೆಲದ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಹೋರಾಡುತ್ತಿದ್ದಾರೆ. ನಾಡಿಗೆ ಬೆಳಕು ಬಂತು, ಅದು ಬೇಕಾಗಿತ್ತು. ಆ ಬೆಳಕಿಗೆ ಮನೆ ಬಿಟ್ಟುಕೊಟ್ಟವರಿಗೆ ಅರವತ್ತು ವರ್ಷವಾದರೂ ಒಂದು ಕಾಗದ ಕೊಡಲಾಗದಿರುವುದು ನಾಚಿಕೆಯ ವಿಷಯ. ಶರಾವತಿ ಯೋಜನೆಯ ಊರುಗಳಲ್ಲೇ ಕೆಲಸ ಮಾಡಿದ ನಾ. ಡಿಸೋಜ ಈ ನೋವನ್ನು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದರು. ಗಿರೀಶ ಕಾಸರವಳ್ಳಿಯವರು 'ದ್ವೀಪ'ವನ್ನು 2002ರಲ್ಲಿ ಸಿನಿಮಾ ಮಾಡಿದರು. ಅಮ್ಮ ಆ ಸಿನಿಮಾ ಅರ್ಧ ನೋಡಿ ಎದ್ದು ಹೋಗಿ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಳು.

ಅಮ್ಮ 'ಕನಸು ಬಿತ್ತು' ಅನ್ನುವುದಿಲ್ಲ. ಕಾಫಿ ಕುಡಿಯುತ್ತ 'ನಿನ್ನೆ ರಾತ್ರಿ ಮನೆಗೆ ಹೋಗಿದ್ದೆ' ಅನ್ನುತ್ತಾಳೆ. ಅವಳ ಕನಸಿನಲ್ಲಿ ನೀರಿಲ್ಲ. ಗದ್ದೆ ಹಸಿರಾಗಿದೆ, ತೋಟಕ್ಕೆ ಇಳಿಯುವ ಸಂಕ ಗಟ್ಟಿಯಾಗಿದೆ, ನನ್ನ ಅಜ್ಜಿ ಒಂದೆಲಗದ ತಂಬುಳಿ ಮಾಡುತ್ತಿದ್ದಾಳೆ. ಅಮ್ಮನಿಗೆ ಅಲ್ಲೂ ಈಗಿನ ವಯಸ್ಸೇ, ಮಂಡಿ ಮಾತ್ರ ನೋಯುವುದಿಲ್ಲ. ಅದೇ ಮನೆಯಲ್ಲಿ ಹುಟ್ಟಿ ಬೆಳೆದ ಚಿಕ್ಕಮ್ಮನ ಕನಸು ಬೇರೆ. ಅವಳ ಕನಸಿನಲ್ಲಿ ನೀರು ತುಳಸಿಕಟ್ಟೆಯವರೆಗೆ ಬಂದಿರುತ್ತದೆ, ಅವಳು ಒರಳಿನಲ್ಲಿ ರುಬ್ಬುತ್ತಿರುತ್ತಾಳೆ, ಹಿಟ್ಟು ಮುಗಿಯುವುದೇ ಇಲ್ಲ. ಒಂದೇ ಮನೆ, ಒಂದೇ ತಾಯಿಯ ಮಕ್ಕಳು, ಇಷ್ಟು ಭೇದವೇಕೆ ಎಂದು ಒಮ್ಮೆ ಕೇಳಿದ್ದಕ್ಕೆ ಚಿಕ್ಕಮ್ಮ ತಟ್ಟನೆ ಹೇಳಿದಳು: 'ಅವಳು ಮದುವೆಯಾಗಿ ಹೋಗಿದ್ದಳಲ್ಲ. ಹಂಚು ಇಳಿಸಿದ್ದು ನಾನು.'

ಅಮ್ಮ ಗಂಡನ ಮನೆ ಸೇರಿದ ಮೇಲೆ ಮುಳುಗಡೆಯಾದದ್ದು. ಅವಳು ಕೊನೆಯದಾಗಿ ನೋಡಿದ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಚಿಕ್ಕಮ್ಮ ಕೊನೆಯ ಲಾರಿಯವರೆಗೆ ಅಲ್ಲಿದ್ದಳು. ಮಾಡಿನ ಹಂಚು, ತೊಲೆ, ಕಂಬ, ಬಾಗಿಲುಗಳನ್ನು ಕಳಚಿ ಲಾರಿಗೆ ತುಂಬಿದರಂತೆ. ಒರಳುಕಲ್ಲನ್ನು ಎತ್ತಲಾಗದೆ ಬಿಟ್ಟು ಬಂದರಂತೆ. ಹೊಸ ಜಾಗದಲ್ಲಿ ಮೊದಲ ಮಳೆಗಾಲ ಕಳೆದದ್ದು ಅದೇ ಬಾಗಿಲುಗಳನ್ನು ಓರೆಯಾಗಿ ನಿಲ್ಲಿಸಿ ಮೇಲೆ ಹುಲ್ಲು ಹೊದಿಸಿದ ಗುಡಿಸಲಿನಲ್ಲಿ. ಚಿಕ್ಕಮ್ಮನ ಆ ಕನಸು ಹೆಚ್ಚಾಗಿ ಬೀಳುವುದು ಮನೆಯಲ್ಲಿ ಏನಾದರೂ ಕೆಲಸ ಅರ್ಧಕ್ಕೆ ನಿಂತಾಗ: ಮೊಮ್ಮಗಳ ಮದುವೆ ಮಾತು ಮುರಿದಾಗ, ಮಗನ ಅಂಗಡಿ ಸಾಲಕ್ಕೆ ಸಿಕ್ಕಿಕೊಂಡಾಗ. ಅವಳೇ ಇದನ್ನು ಗಮನಿಸಿ ಹೇಳಿದಳು. ಯಾವ ಫ್ರಾಯ್ಡನನ್ನೂ ಓದದ ಹೆಂಗಸು, ತನ್ನ ಕನಸಿನ ನೀರು ಯಾವ ದಿನಗಳಲ್ಲಿ ಏರುತ್ತದೆ ಎಂದು ಲೆಕ್ಕ ಇಟ್ಟುಕೊಂಡಿದ್ದಾಳೆ.

ಒಂದು ದೀಪಾವಳಿಗೆ ಎಲ್ಲರೂ ಸೇರಿದ್ದಾಗ ಆ ಮನೆಯ ನಕ್ಷೆ ಬರೆಯುವ ಯೋಚನೆ ಬಂತು. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಕಿ, ಪೆನ್ಸಿಲು ಹಿಡಿದು ನಾನು ಕೂತೆ. ಅಮ್ಮ, ಚಿಕ್ಕಮ್ಮ, ಮಾವ ಮೂರು ಕಡೆಯಿಂದ ಬಗ್ಗಿದರು. ಜಗುಲಿ, ನಡುಮನೆ, ಅಡುಗೆಮನೆಯವರೆಗೆ ಜಗಳವಿಲ್ಲ. ಬಾವಿ ಬಂದಾಗ ಜಗಳ ಎದ್ದಿತು. ಚಿಕ್ಕಮ್ಮ ಅದು ಮನೆಯ ಪಡುವಣಕ್ಕೆ ಎಂದಳು. ಅಮ್ಮ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಲ್ಲ, ತೆಂಕಣಕ್ಕೆ' ಎಂದಳು. ಹೇಗೆ ಹೇಳುತ್ತೀ ಎಂದರೆ, 'ಮೊನ್ನೆ ಹೋದಾಗ ಬೆಳಿಗ್ಗೆ ಕೊಡ ಹಿಡಿದು ಹೊರಟೆ, ಎಳೆ ಬಿಸಿಲು ಎಡಗೆನ್ನೆಗೆ ಬಿತ್ತು' ಎಂದಳು. ಮೊನ್ನೆ ಹೋದದ್ದು ಎಂದರೆ ಕನಸಿನಲ್ಲಿ. ಚಿಕ್ಕಮ್ಮ ವಾದ ಮಾಡಲಿಲ್ಲ. ಎದ್ದು ನಿಂತು, ಕೊಡ ಸೊಂಟಕ್ಕಿಟ್ಟ ಹಾಗೆ ಕೈ ಬಗ್ಗಿಸಿ, ನಡುಮನೆಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿ, 'ಹೌದು, ತೆಂಕಣಕ್ಕೇ' ಎಂದು ಒಪ್ಪಿದಳು.

ಮಾವ ಊರು ಬಿಟ್ಟಾಗ ತೀರಾ ಚಿಕ್ಕವ. ಅವನು ಹೇಳಿದ ಗುರುತುಗಳೆಲ್ಲ ನೆಲದ ಹತ್ತಿರದವು. ಕಡೆಗೋಲಿನ ಕಂಬದ ಬುಡದಲ್ಲಿ ಒಂದು ಬಿರುಕು, ಕದದ ಕೆಳಗೆ ಬೆಕ್ಕು ನುಗ್ಗುವ ಸಂದು, ಒರಳಿನ ಪಕ್ಕ ನೀರು ನಿಲ್ಲುವ ಗುಂಡಿ. ಅಕ್ಕಂದಿರಿಬ್ಬರಿಗೂ ಇವು ಯಾವುವೂ ನೆನಪಿರಲಿಲ್ಲ. ನಾನು ಅವನ್ನೂ ಬರೆದುಕೊಂಡೆ. ಎಪ್ಪತ್ತರ ಹತ್ತಿರದ ಮಾವ ಈಗಲೂ ಕನಸಿನಲ್ಲಿ ಆ ಮನೆಯನ್ನು ಅಷ್ಟೇ ಎತ್ತರದಿಂದ ನೋಡುತ್ತಾನಂತೆ. ಹೆದರಿಕೆ ಬಂದರೆ ಬೆಕ್ಕಿನ ಸಂದಿನಿಂದ ನುಸುಳಿ ಹೊರಗೆ ಹೋಗುತ್ತಾನಂತೆ.

ನೀರು ಬಹಳ ಇಳಿದ ಒಂದು ಬೇಸಿಗೆಯಲ್ಲಿ ಮಾವ ಅಮ್ಮನನ್ನು ಆ ಜಾಗಕ್ಕೆ ಕರೆದುಕೊಂಡು ಹೋಗಿದ್ದ. ನಾನೂ ಜೊತೆಗಿದ್ದೆ. ಬಿರುಕು ಬಿಟ್ಟ ಕೆಸರು, ಕಪ್ಪಾದ ಮರದ ಬೊಡ್ಡೆಗಳು, ಅಲ್ಲೊಂದು ಇಲ್ಲೊಂದು ಜಂಬಿಟ್ಟಿಗೆಯ ಅಡಿಪಾಯ. ಯಾವುದು ಯಾರ ಮನೆ ಎಂದು ಹೇಳಲು ಬರುವಂತಿರಲಿಲ್ಲ. ಅಮ್ಮ ಸೆರಗು ತಲೆಗೆ ಹೊದ್ದು ನಿಂತು ಸುತ್ತ ನೋಡಿದಳು. ಅಳಲಿಲ್ಲ. 'ಇಲ್ಲಿ ಯಾವುದೂ ಗೊತ್ತಾಗುವುದಿಲ್ಲ, ಹೋಗೋಣ' ಎಂದಳು. ಆ ಜಾಗಕ್ಕೆ ಮತ್ತೆ ಹೋಗಬೇಕೆಂದು ಅವಳು ಕೇಳಿಲ್ಲ. ಕನಸಿನಲ್ಲಿ ಹೋಗುವುದು ನಿಂತಿಲ್ಲ. ಈಗ ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ಸೇತುವೆಯಾಗಿದೆ. 2025ರಲ್ಲಿ ಅದು ತೆರೆದ ಮೇಲೆ ಸಿಗಂದೂರಿಗೆ ಲಾಂಚಿಗಾಗಿ ಕಾಯಬೇಕಿಲ್ಲ. ಹಿನ್ನೀರಿನಾಚೆಯ ಜನ ದಶಕಗಟ್ಟಲೆ ಕೇಳಿ ಪಡೆದ ಸೇತುವೆ ಅದು. ಅಮ್ಮನನ್ನು ಅದರ ಮೇಲೆ ಕರೆದೊಯ್ದಾಗ ಅವಳು ಕೆಳಗಿನ ನೀರನ್ನು ನೋಡಲಿಲ್ಲ, ಎದುರಿನ ಗುಡ್ಡದ ಸಾಲನ್ನು ನೋಡುತ್ತಿದ್ದಳು. ಅದು ಮಾತ್ರ ಹಾಗೆಯೇ ಇದೆಯಂತೆ.

ನನ್ನ ಬಾಲ್ಯದ ಮನೆಗೆ ನೀರು ನುಗ್ಗಲಿಲ್ಲ. ತಮ್ಮ ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿದ. ಸರಿಯಾಗಿಯೇ ಮಾಡಿದ, ಮಾಡು ಸೋರುತ್ತಿತ್ತು, ಗೆದ್ದಲು ತೊಲೆಯನ್ನು ಟೊಳ್ಳು ಮಾಡಿತ್ತು, ಮಳೆಗಾಲದಲ್ಲಿ ಅಲ್ಲಿ ಬದುಕಬೇಕಾದವನು ಅವನು. ಹೊಸ ಮನೆಯಲ್ಲಿ ನಾನು ಎಷ್ಟೋ ಸಲ ಉಳಿದಿದ್ದೇನೆ. ಅದರ ಟೈಲ್ಸಿನ ನೆಲದ ಮೇಲೆ ಚಾಪೆ ಹಾಕಿ ಮಲಗಿದ ರಾತ್ರಿಯೂ ಕನಸಿನಲ್ಲಿ ಬಂದದ್ದು ಹಳೆಯ ಮನೆಯೇ. ಕೆಡವಿದ ಸುದ್ದಿ ಕನಸಿಗೆ ಮುಟ್ಟಿಯೇ ಇಲ್ಲ.

ಎಲ್ಲರ ಬಾಲ್ಯದ ಜಾಗವೂ ಮತ್ತೆ ಹೋಗಬೇಕೆನ್ನಿಸುವಂಥದ್ದಲ್ಲ. ಕುಡಿದು ಬಂದ ಅಪ್ಪ ಬಾಗಿಲು ಬಡಿಯುವ ಸದ್ದಿನಲ್ಲಿ ಬೆಳೆದ ಗೆಳತಿಯೊಬ್ಬಳಿದ್ದಾಳೆ. ಈಗ ಒಳ್ಳೆಯ ಕೆಲಸ, ಒಳ್ಳೆಯ ಸಂಸಾರ. ಆದರೆ ಆಫೀಸಿನಲ್ಲಿ ಯಾರಾದರೂ ದನಿ ಎತ್ತಿ ಮಾತಾಡಿದ ದಿನ ಅವಳು ರಾತ್ರಿ ಮತ್ತೆ ಆ ಎರಡು ಕೋಣೆಯ ಮನೆಯಲ್ಲಿರುತ್ತಾಳೆ, ಚಿಲಕ ಕೈಗೆ ಸಿಗುವುದಿಲ್ಲ. ಇಂಥವರಿಗೆ ಕನಸಿನ ಅರ್ಥ ಹುಡುಕಿ ಎನ್ನುವುದು ಅನ್ಯಾಯ. ಅವರಿಗೆ ಬೇಕಾದ್ದು ನಿದ್ದೆ. ಕೆಟ್ಟ ಕನಸನ್ನು ಎಚ್ಚರದಲ್ಲಿ ಕೂತು ಬರೆದು, ಅದರ ಕೊನೆಯನ್ನು ತಾವೇ ಬದಲಿಸಿ, ಬದಲಾದ ಕನಸನ್ನು ದಿನವೂ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಓಡಿಸುವ ಚಿಕಿತ್ಸೆಯೊಂದನ್ನು ಮನೋವೈದ್ಯರು ಬಳಸುತ್ತಾರೆ. ಅವಳು ಅದನ್ನು ಮಾಡಿದಳು. ಕೊನೆ ಹೇಗೆ ಬದಲಿಸಿದೆ ಎಂದು ಕೇಳಿದೆ. ಚಿಲಕ ಹಾಕುವ ಗೋಜಿಗೇ ಹೋಗುವುದಿಲ್ಲವಂತೆ. ಹಿಂದಿನ ಬಾಗಿಲು ತೆಗೆದು, ತಂಗಿಯ ಕೈ ಹಿಡಿದು, ಪಕ್ಕದ ಮನೆಯ ದೀಪದ ಕಡೆಗೆ ನಡೆದು ಹೋಗುತ್ತಾಳಂತೆ. ಅವಳ ಆ ಮನೆಗೆ ಹಿಂದಿನ ಬಾಗಿಲು ಇರಲೇ ಇಲ್ಲ. ಅದನ್ನು ಅವಳೇ ಇಟ್ಟಳು.

ನನ್ನ ಮಗಳು ಬೆಳೆದದ್ದು ಬೆಂಗಳೂರಿನ ಫ್ಲಾಟಿನಲ್ಲಿ. ಇಪ್ಪತ್ತು ವರ್ಷದ ಮೇಲಾದರೂ ನನ್ನ ಕನಸಿ‌ನಲ್ಲಿ ಒಮ್ಮೆಯೂ ಕಾಣದ ಫ್ಲಾಟು. ಹಂಚಿಲ್ಲದ, ಅಂಗಳವಿಲ್ಲದ, ಎಲ್ಲ ಮಹಡಿಯೂ ಒಂದೇ ತೆರನಾಗಿರುವ ಇಂಥ ಕಡೆ ಬೆಳೆದ ಮಕ್ಕಳಿಗೆ ಕನಸು ಕಾಣಲು ಜಾಗವೆಲ್ಲಿದೆ ಎಂದು ಊರಿನ ಕಡೆಯವರು ಮರುಗುವುದನ್ನು ಕೇಳಿದ್ದೇನೆ. ಅವಳು ಈಗ ಜರ್ಮನಿಯಲ್ಲಿದ್ದಾಳೆ. ಈಚೆಗೆ ಒಂದು ಭಾನುವಾರ ಫೋನಿನಲ್ಲಿ, ಲಿಫ್ಟಿನ ಕನಸು ಬೀಳುತ್ತಿದೆ ಎಂದಳು. ನಮ್ಮ ಬ್ಲಾಕಿನ ಲಿಫ್ಟು, ಎರಡನೇ ಮಹಡಿಯಲ್ಲಿ ಚೂರು ಜರ್ಕು ಹೊಡೆದು ನಿಲ್ಲುವುದು, ಅವಳು ಚಿಕ್ಕವಳಿದ್ದಾಗ ಸ್ಟಿಕ್ಕರು ಅಂಟಿಸಿ ಕೆರೆದ ಬಟನ್ನು. ಬಾಗಿಲು ತೆರೆದರೆ ಕಾರಿಡಾರಿನಲ್ಲಿ ನಮ್ಮ ಚಪ್ಪಲಿ ಸ್ಟ್ಯಾಂಡು. ಅಷ್ಟು ವಿವರವಾಗಿ ಹೇಳಿದಳು. ಜರ್ಕಿನ ವಿಷಯ ಅವಳು ಹೇಳುವವರೆಗೆ ನಾನು ಗಮನಿಸಿರಲಿಲ್ಲ. ಅವತ್ತು ಸಂಜೆಯೇ ಇಳಿದು ಹತ್ತಿ ನೋಡಿದೆ, ಹೌದು.

'ಮನೆ ನೆನಪಾಗ್ತಿದ್ಯಾ?' ಎಂದು ಕೇಳುವುದು ಸುಲಭವಿತ್ತು. 'ಹಾಗೇನಿಲ್ಲ' ಎಂಬ ಉತ್ತರವೂ ಸುಲಭವಾಗಿ ಬರುತ್ತಿತ್ತು. ಲಿಫ್ಟಿನಲ್ಲಿ ಇನ್ನು ಯಾರಿದ್ದರು ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿದಳು. ತನ್ನ ಲ್ಯಾಬಿನ ಗೈಡು ಇದ್ದರು ಎಂದಳು. ಒಳಗೆ ಬಂದರಾ, ಹೊರಗೆ ನಿಂತಿದ್ದರಾ? ಒಳಗೆ. ಎಷ್ಟನೇ ಮಹಡಿಯ ಬಟನ್ ಒತ್ತಿದರು? ಅವರು ಎಲ್ಲ ಬಟನ್ನುಗಳನ್ನೂ ಒತ್ತಿಬಿಟ್ಟರು, ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯುತ್ತಿತ್ತು, ನಮ್ಮ ಮಹಡಿ ಬರಲೇ ಇಲ್ಲ ಎಂದಳು. ಹೇಳುತ್ತ ಹೇಳುತ್ತ ಅವಳ ದನಿ ಬದಲಾಯಿತು. ಪ್ರಬಂಧದ ಅಧ್ಯಾಯವೊಂದನ್ನು ಮತ್ತೆ ಮತ್ತೆ ತಿದ್ದಲು ಹೇಳುತ್ತಿದ್ದಾರೆ, ಈ ವರ್ಷ ಮುಗಿಯುವ ಲಕ್ಷಣವಿಲ್ಲ, ವೀಸಾ ಮುಂದುವರಿಸಬೇಕು, ಇದನ್ನೆಲ್ಲ ಹೇಳಿದರೆ ನೀವು ಗಾಬರಿಯಾಗುತ್ತೀರೆಂದು ಸುಮ್ಮನಿದ್ದೆ ಎಂದಳು. ಊಟದ ಹೊತ್ತು ಮೀರಿದರೂ ಮಾತು ಮುಗಿಯಲಿಲ್ಲ. ಅಮ್ಮನೂ ಬಂದು ಪಕ್ಕದಲ್ಲಿ ಕೂತು ಫೋನು ತೆಗೆದುಕೊಂಡಳು, ವೀಸಾ ಎಂದರೆ ಎಷ್ಟು ದಿನಕ್ಕೆ ಕೊಡುತ್ತಾರೆ, ಯಾವ ಆಫೀಸಿಗೆ ಹೋಗಬೇಕು, ಕಾಗದ ಕೈಗೆ ಬರುವವರೆಗೆ ಅಲ್ಲೇ ಇರಲು ಬಿಡುತ್ತಾರೋ ಎಂದು ಒಂದೊಂದಾಗಿ ಕೇಳತೊಡಗಿದಳು.